ಮುಗ್ಗಿದ ಕಾಳಿಗೆ ಗಿಡಮೂಲಿಕೆಯ ಮದ್ದು: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಬಳ್ಳಾರಿಯ ಬ್ರೂಸ್‌ಪೇಟೆಯ ಕಡೆ ಕಾಳು ಕೊಳ್ಳುವವರು ಜೋಳ ಪರೀಕ್ಷಿಸುವ ಕ್ರಮ ಹಳೆಯದು. ಬೊಗಸೆಗೆ ತೆಗೆದುಕೊಂಡು ಬಣ್ಣ ನೋಡುತ್ತಾರೆ, ಮೂಗಿಗೆ ಹಿಡಿಯುತ್ತಾರೆ, ನಾಲ್ಕು ಕಾಳು ಬಾಯಿಗೆ ಹಾಕಿ ಕಟ್ಟನೆ ಒಡೆಯುತ್ತದೋ ಇಲ್ಲವೋ ನೋಡುತ್ತಾರೆ. ಕಪ್ಪು ಬಡಿದಿದ್ದರೆ ರೇಟು ಇಳಿಯುತ್ತದೆ. ಮುಗ್ಗಿದ ವಾಸನೆ ಬಂದರೆ ಚೀಲ ಪಕ್ಕಕ್ಕೆ ಹೋಗುತ್ತದೆ. ಬೂಷ್ಟು ಹಿಡಿದ ಕಾಳನ್ನು ಕಂಡುಹಿಡಿಯಲು ಇದು ಒಳ್ಳೆಯ ಪರೀಕ್ಷೆಯೇ. ಆದರೆ ಬೂಷ್ಟು ಸತ್ತ ಮೇಲೂ ಕಾಳಿನಲ್ಲಿ ಉಳಿಯುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರೊಟ್ಟಿಯ ಹಂಚಿನ ಕಾವಿಗಾಗಲಿ ಅನ್ನದ ಕುದಿಗಾಗಲಿ ಅದು ಪೂರ್ತಿ ನಾಶವಾಗುವುದಿಲ್ಲ.

ಪ್ರಮಾಣವಾದರೂ ಎಷ್ಟು? ಧಾನ್ಯದಲ್ಲಿ ಇಂಥ ವಿಷಗಳಲ್ಲೊಂದಾದ ಅಫ್ಲಾಟಾಕ್ಸಿನ್ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಕ್ವಿಂಟಲ್ ಲೆಕ್ಕಕ್ಕೆ ಇಳಿಸಿದರೆ ಒಂದೂವರೆ ಮಿಲಿಗ್ರಾಂ, ಅಂದರೆ ಒಂದು ಜೋಳದ ಕಾಳಿನ ತೂಕದ ಇಪ್ಪತ್ತರಲ್ಲಿ ಒಂದು ಪಾಲು. ಇಷ್ಟು ಸಣ್ಣ ಶತ್ರುವನ್ನು ಬೇವು, ಲವಂಗ, ಅಜವಾನ, ಮಾಕಳಿ ಬೇರಿನಂಥ ಸಸ್ಯಗಳ ಸತ್ವದಿಂದ ಹಿಮ್ಮೆಟ್ಟಿಸಬಹುದೇ ಎಂಬ ಪ್ರಶ್ನೆಯ ಸುತ್ತ ಐದು ದಶಕಗಳಿಂದ ಪ್ರಯೋಗಗಳು ನಡೆದಿವೆ. ಆಗುತ್ತದೆ ಎನ್ನುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಹಾಗಿದ್ದೂ ಸಿರುಗುಪ್ಪ, ಕುರುಗೋಡು ಸೀಮೆಯ ಗೋದಾಮುಗಳಲ್ಲಿ ಕಾಣುವುದು ಟಾರ್ಪಾಲು ಮತ್ತು ಬಿಸಿಲು ಮಾತ್ರ. ಈ ಅಂತರ ಯಾಕೆ ಉಳಿಯಿತು ಎಂಬುದೇ ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು. ಯಾವ ಗಿಡ ಒಳ್ಳೆಯದು ಎಂಬ ವಾದ ಸಾಕಷ್ಟಾಗಿದೆ. ಹೊಲ, ಕಣ, ಚೀಲ, ಗಿರಣಿ, ಇವುಗಳಲ್ಲಿ ಯಾವ ಹಂತದಲ್ಲಿ ಮದ್ದು ಬೀಳಬೇಕು ಎಂಬ ವಾದ ಅಷ್ಟಾಗಿ ಆಗಿಲ್ಲ.

ಕೋಳಿಗೂಡಿನಿಂದ ಹಳ್ಳಿಯವರೆಗೆ

ಚರ್ಚೆ ಶುರುವಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದವರಿಗೆ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಸಿಕ್ಕಿತು, ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಮುಂದೆ ಅದು ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆಂಬುದೂ ಖಚಿತವಾಯಿತು.

ನಮ್ಮ ದೇಶಕ್ಕೆ ಇದು ಬರೀ ಕೋಳಿಯ ಕಾಯಿಲೆಯಾಗಿ ಉಳಿಯಲಿಲ್ಲ. 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ, ಕೊಯ್ಲಿನ ಹೊತ್ತಿಗೆ ಅಕಾಲ ಮಳೆಯಲ್ಲಿ ನೆಂದ ಮೆಕ್ಕೆಜೋಳ ತಿಂದವರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. 397 ಮಂದಿ ಮಲಗಿದರು, 106 ಮಂದಿ ಸತ್ತರು. ಅದೇ ಮನೆಗಳ ನಾಯಿಗಳೂ ಅದೇ ಲಕ್ಷಣ ತೋರಿಸಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಆ ಕಾಳಿನಲ್ಲಿ ಕಂಡ ವಿಷ ಇಂದಿನ ಮಿತಿಯ ನಾನೂರು ಪಟ್ಟಿನಿಂದ ಸಾವಿರ ಪಟ್ಟಿನವರೆಗೆ ಇತ್ತು. 2004ರಲ್ಲಿ ಕೆನ್ಯಾದಲ್ಲಿ ಇದೇ ಕಥೆ ಮರುಕಳಿಸಿ 125 ಜನ ಸತ್ತರು, ಅಲ್ಲೂ ಮೆಕ್ಕೆಜೋಳವೇ.

ಬಳ್ಳಾರಿಯವರಿಗೆ ಇನ್ನೂ ಹತ್ತಿರದ್ದು 1995ರ ಪ್ರಕರಣ. ದಕ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಕಪ್ಪಾದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ಉಂಡವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ಸಮೀಕ್ಷೆ ಮಾಡಿದ 50 ಹಳ್ಳಿಗಳಲ್ಲಿ 27ರಲ್ಲಿ ಈ ತೊಂದರೆ ಕಂಡಿತು. ಈ ಸಲದ ಕೈವಾಡ ಅಫ್ಲಾಟಾಕ್ಸಿನ್‌ನದ್ದಲ್ಲ, ಫ್ಯುಸೇರಿಯಂ ಬೂಷ್ಟು ಹುಟ್ಟಿಸುವ ಫ್ಯುಮೊನಿಸಿನ್‌ನದು. ದಕ್ಷಿಣ ಆಫ್ರಿಕದಲ್ಲಿ 1988ರಲ್ಲಷ್ಟೇ ಪತ್ತೆಯಾಗಿದ್ದ ವಿಷ ಅದು. ರೋಗ ಬಂದ ಮನೆಗಳ ಜೋಳದಲ್ಲಿ ಅದು ಕಿಲೋಗೆ 7.8 ಮಿಲಿಗ್ರಾಂವರೆಗೆ, ಮೆಕ್ಕೆಜೋಳದಲ್ಲಿ 64.7 ಮಿಲಿಗ್ರಾಂವರೆಗೆ ಇತ್ತು. ಯಾರೂ ಸಾಯಲಿಲ್ಲ, ಹಾಗಾಗಿ ಸುದ್ದಿಯೂ ಆಗಲಿಲ್ಲ. ಮಳೆಯಲ್ಲಿ ನೆಂದ ಕಾಳನ್ನು ಮಾರಲಾಗದೆ ಮನೆಗೇ ಇಟ್ಟುಕೊಂಡು ಉಣ್ಣುವವರು ಯಾರೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಎರೆ ಭೂಮಿಯ ಹಿಂಗಾರಿ ಜಾಣತನ

ಗಿಡಮೂಲಿಕೆಯ ಮಾತಿಗೆ ಹೋಗುವ ಮೊದಲು ಈ ಸೀಮೆಯ ಬೆಳೆಯ ಲೆಕ್ಕ ನೋಡಬೇಕು. ಎರೆ ಹೊಲದಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ, ಮಾಲ್ದಂಡಿಯಂಥ ತಳಿ, ನೆಲದೊಳಗೆ ಉಳಿದ ತೇವದಲ್ಲೇ ಬೆಳೆದು ಜನವರಿ–ಫೆಬ್ರುವರಿಯ ಒಣಗಾಳಿಗೆ ತೆನೆ ಬಲಿಯುತ್ತದೆ. ಕಾಳು ಕಟ್ಟುವ ಹೊತ್ತಿಗೆ ಮಳೆಯೇ ಇಲ್ಲದಿದ್ದರೆ ಬೂಷ್ಟಿಗೆ ಎಡೆಯೆಲ್ಲಿ? 1964ರಲ್ಲಿ ಸಿಎಸ್‌ಎಚ್–1 ಬಂದ ಮೇಲೆ ಹರಡಿದ ಮುಂಗಾರಿ ಸಂಕರಣ ತಳಿಗಳು ಇಳುವರಿ ಹೆಚ್ಚಿಸಿದವು, ಅವಧಿ ಕಡಿಮೆ ಮಾಡಿದವು. ಅದರೊಂದಿಗೆ ತೆನೆಯನ್ನು ಮಳೆಯ ಬಾಯಿಗೂ ಕೊಟ್ಟವು. ಕಾಳುಬೂಷ್ಟು ಮುಂಗಾರಿ ಜೋಳದ ದೊಡ್ಡ ರೋಗವಾದದ್ದು ಆ ಬಳಿಕವೇ.

ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಯಂತ್ರದಲ್ಲಿ ಕೊಯ್ದ ಭತ್ತ ಹಸಿಹಸಿಯಾಗಿಯೇ ಟ್ರಾಲಿಗೆ ಬೀಳುತ್ತದೆ. ಗಿರಣಿಗೆ ಬೇಕಾದದ್ದು ಶೇಕಡ 14ರ ಆಸುಪಾಸಿನ ತೇವ. ನಡುವಿನ ಒಣಗಿಸುವ ಕೆಲಸ ಡಾಂಬರು ರಸ್ತೆಯ ಅಂಚಿನಲ್ಲಿ ನಡೆಯುತ್ತದೆ, ಮೋಡ ಕಂಡರೆ ಓಡಿಬಂದು ಟಾರ್ಪಾಲು ಎಳೆಯುತ್ತಾರೆ. ಅಕ್ಕಿಯಲ್ಲಿ ಈ ವಿಷ ಮೆಕ್ಕೆಜೋಳದಷ್ಟು ಕಾಡದು: ಹೊಟ್ಟು ಕಾಯುತ್ತದೆ, ಪಾಲಿಶ್‌ನಲ್ಲಿ ವಿಷದ ಹೆಚ್ಚಿನ ಪಾಲು ತವಡಿನೊಂದಿಗೆ ಹೊರಟುಹೋಗುತ್ತದೆ. ಆದರೆ ತವಡು ಎಮ್ಮೆಯ ಬಾನಿಗೆ ಹೋಗುತ್ತದೆ, ಅಲ್ಲಿಂದ ವಿಷ ರೂಪ ಬದಲಿಸಿಕೊಂಡು ಹಾಲಿಗೆ ಬರುತ್ತದೆ. ಹಾಲಿಗೆ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ ಎಂದು ಅಷ್ಟು ಬಿಗಿಯಾಗಿ ಇಟ್ಟಿರುವುದು ಮಕ್ಕಳ ಕಾರಣಕ್ಕೆ.

ಬಿಸಿಲ ನಾಡಿಗೆ ಬೂಷ್ಟಿನ ಭಯವೇನು ಎಂದು ಕೇಳುವವರಿದ್ದಾರೆ. ಫ್ಲೇವಸ್‌ಗೆ ಬೇಕಾದದ್ದೇ ಬಿಸಿ. ಕಾಳು ಕಟ್ಟುವಾಗ ಬರ ಬಿದ್ದು ಬೆಳೆ ಸೊರಗಿದರೆ ಮೆಕ್ಕೆಜೋಳಕ್ಕೂ ಶೇಂಗಾಕ್ಕೂ ಹೊಲದಲ್ಲೇ ಅದು ಒಳಹೊಕ್ಕು ಕೂರುತ್ತದೆ. ಆಮೇಲೆ ಒಂದು ಅಕಾಲ ಮಳೆ ಸಾಕು.

ಬೂಷ್ಟನ್ನೇ ಕೊಲ್ಲು ಎನ್ನುವವರು

ಮೊದಲ ಪಂಥದ ವಾದ ನೇರ: ಬೂಷ್ಟಿಲ್ಲದಿದ್ದರೆ ವಿಷವಿಲ್ಲ. ಅಮೆರಿಕದ ಬುಲ್ಲರ್‌ಮನ್ ಮತ್ತು ಸಂಗಡಿಗರು 1977ರಲ್ಲೇ ದಾಲ್ಚಿನ್ನಿ, ಲವಂಗದ ಎಣ್ಣೆಗಳು ಬೂಷ್ಟಿನ ಬೆಳವಣಿಗೆಯನ್ನೂ ವಿಷವನ್ನೂ ತಡೆಯುತ್ತವೆಂದು ತೋರಿಸಿದರು. ಲವಂಗದ ಯೂಜಿನಾಲ್, ಅಜವಾನದ ಥೈಮಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಬೂಷ್ಟಿನ ಜೀವಕೋಶದ ಪೊರೆಯನ್ನು ಸಡಿಲಗೊಳಿಸುತ್ತವೆ; ಒಳಗಿನ ಸಾರವೆಲ್ಲ ಸೋರಿ ಬೂಷ್ಟು ಸಾಯುತ್ತದೆ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎನ್. ಕೆ. ದುಬೆಯವರ ತಂಡ ಇಂಥ ಎಣ್ಣೆಗಳನ್ನು ವರ್ಷಗಟ್ಟಲೆ ಸಾಲುಸಾಲಾಗಿ ಪರೀಕ್ಷಿಸಿದೆ.

ಕರ್ನಾಟಕದ ಕೊಡುಗೆ ಇಲ್ಲಿ ಸಣ್ಣದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆ. ಎ. ರವೀಶ ಅವರ ಗುಂಪು ಹತ್ತಾರು ಸಸ್ಯಗಳ ಸಾರವನ್ನು ಬೀಜದ ಬೂಷ್ಟುಗಳ ಮೇಲೆ ಪ್ರಯೋಗಿಸುತ್ತ ಮಾಕಳಿ ಬೇರಿನ ಬಳಿ ಬಂತು. ಉಪ್ಪಿನಕಾಯಿಗೆ ಹಾಕುವ, ಸಿಪ್ಪೆ ತೆಗೆದೊಡನೆ ಮನೆಯೆಲ್ಲ ಘಮ್ಮೆನ್ನುವ ಅದೇ ಬೇರು. ಆ ಪರಿಮಳದ ಮೂಲವಸ್ತು ವೆನಿಲಿನ್‌ನ ದಾಯಾದಿಯಂಥ ಒಂದು ಆಲ್ಡಿಹೈಡ್; ಎರಡರಲ್ಲೂ ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಅದನ್ನು ಪ್ರತ್ಯೇಕಿಸಿ ಕಾಳನ್ನು ಕೆಡಿಸುವ ಬೂಷ್ಟುಗಳ ಮೇಲೆ ಅದರ ಪರಿಣಾಮವನ್ನು ಡಿ. ಸಿ. ಮೋಹನ, ಎಸ್. ಸತೀಶ್, ರವೀಶ 2009ರಲ್ಲಿ ಪ್ರಕಟಿಸಿದರು. ಬೇರಿನ ಪರಿಮಳವೇ ಅದರ ಕಾವಲುಗಾರ ಎಂಬುದು ನನಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಸಂಶೋಧನೆ. ಆದರೆ ಬೇರು ಬೇಕೆಂದರೆ ಬಳ್ಳಿಯನ್ನು ಅಗೆಯಬೇಕು. ಉಪ್ಪಿನಕಾಯಿ ಮತ್ತು ಶರಬತ್ತಿನ ಬೇಡಿಕೆಗೇ ಕಾಡಿನ ಮಾಕಳಿ ಅಳಿವಿನ ಅಂಚಿಗೆ ಬಂದಿದೆ. ಕ್ವಿಂಟಲ್‌ಗಟ್ಟಲೆ ಕಾಳಿಗೆ ಮದ್ದಾಗುವಷ್ಟು ಅದನ್ನು ತರುವುದು ಎಲ್ಲಿಂದ?

ಇನ್ನೊಂದು ತೊಡಕು ಎಲ್ಲ ಎಣ್ಣೆಗಳಿಗೂ ಸೇರಿದ್ದು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೂಷ್ಟಿಗೂ ಎಣ್ಣೆಗೂ ನಡುವೆ ಏನೂ ಇರುವುದಿಲ್ಲ. ಚೀಲದಲ್ಲಿ ಪಿಷ್ಟ, ಪ್ರೋಟೀನು, ಕೊಬ್ಬು ಎಲ್ಲವೂ ಎಣ್ಣೆಯನ್ನು ಹೀರುತ್ತವೆ; ಉಳಿದದ್ದು ಗೋಣಿಯ ಸಂದಿಯಿಂದ ಹಾರಿಹೋಗುತ್ತದೆ. ಹಾಗಾಗಿ ತಟ್ಟೆಯಲ್ಲಿ ಸಾಕಾದ ಪ್ರಮಾಣ ಕಾಳಿಗೆ ಸಾಲದು, ಕಾಳಿಗೆ ಸಾಕಾಗುವ ಪ್ರಮಾಣ ರೊಟ್ಟಿಗೆ ಲವಂಗದ ವಾಸನೆ ತರುತ್ತದೆ. ಎಣ್ಣೆಯನ್ನು ಕೈಟೋಸಾನ್ ಎಂಬ ವಸ್ತುವಿನ ಅತಿಸೂಕ್ಷ್ಮ ಕಣಗಳಲ್ಲಿ ತುಂಬಿ ನಿಧಾನವಾಗಿ ಬಿಡುಗಡೆ ಮಾಡುವ ತಂತ್ರ ಇದಕ್ಕೆ ಉತ್ತರವೆಂದು ದುಬೆಯವರ ತಂಡ ಸೇರಿದಂತೆ ಹಲವರು ಹೇಳುತ್ತಿದ್ದಾರೆ. ಆಗಬಹುದು. ಆದರೆ ಘಾಟು ಎಣ್ಣೆ ಮುಗ್ಗಿದ ವಾಸನೆಯನ್ನು ಮುಚ್ಚಿಬಿಟ್ಟರೆ ಪೇಟೆಯವರ ಬಳಿ ಇರುವ ಒಂದೇ ಪುಕ್ಕಟೆ ಪರೀಕ್ಷೆಯೂ ಕೈತಪ್ಪುತ್ತದೆ. ಈ ಅಪಾಯದ ಮಾತು ಪ್ರಬಂಧಗಳಲ್ಲಿ ನನಗೆ ಹೆಚ್ಚು ಕಂಡಿಲ್ಲ.

ಬದುಕಲಿ, ವಿಷ ಮಾಡದಿರಲಿ ಎನ್ನುವವರು

1988ರಲ್ಲಿ ಅಮೆರಿಕದ ಕೃಷಿ ಇಲಾಖೆಯ ದೀಪಕ್ ಭಟ್ನಾಗರ್ ಮತ್ತು ಮೆಕಾರ್ಮಿಕ್ ಬೇವಿನ ಎಲೆಯ ಸಾರವನ್ನು ಆಸ್ಪರ್ಜಿಲ್ಲಸ್ ಪ್ಯಾರಸೈಟಿಕಸ್ ಎಂಬ ಬೂಷ್ಟಿಗೆ ಕೊಟ್ಟರು. ಬೂಷ್ಟು ಹಾಯಾಗಿ ಬೆಳೆಯಿತು. ಅಫ್ಲಾಟಾಕ್ಸಿನ್ ಮಾತ್ರ ಹೆಚ್ಚುಕಡಿಮೆ ನಿಂತೇಹೋಯಿತು. ಕೊಲ್ಲುವುದು ಮತ್ತು ವಿಷ ತಡೆಯುವುದು ಎರಡು ಬೇರೆ ಕೆಲಸಗಳು ಎಂಬುದು ಇದರಿಂದ ಬೆಳಕಿಗೆ ಬಂತು. ಎರಡನೇ ಪಂಥ ನಿಂತಿರುವುದು ಇದರ ಮೇಲೆ.

ಯಾಕೆ ಹೀಗೆ? ಬೂಷ್ಟಿಗೆ ಜೀವಕೋಶದೊಳಗೆ ಆಕ್ಸಿಡೀಕರಣದ ಒತ್ತಡ ಬಿದ್ದಾಗಲೇ ಅದು ಅಫ್ಲಾಟಾಕ್ಸಿನ್ ತಯಾರಿಸುತ್ತದೆ ಎಂಬ ವಿವರಣೆ ಬಲವಾಗಿದೆ. ಟಿ. ಜಯಶ್ರೀ ಮತ್ತು ಸಿ. ಸುಬ್ರಹ್ಮಣ್ಯಂ 1999–2000ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು ಈ ದಾರಿ ತೆರೆದವುಗಳಲ್ಲಿ ಸೇರಿವೆ. ಯೂಜಿನಾಲ್ ವಿಷವನ್ನು ತಡೆಯುವುದು ಬೂಷ್ಟಿನ ಕೊಬ್ಬಿನ ಆಕ್ಸಿಡೀಕರಣ ತಡೆಯುವ ಮೂಲಕ ಎಂದು ಅವರು ವಾದಿಸಿದರು. ಕ್ಯಾಲಿಫೋರ್ನಿಯದಲ್ಲಿ ಅಕ್ರೋಟಿನ ಒಂದು ತಳಿ ಅಫ್ಲಾಟಾಕ್ಸಿನ್‌ಗೆ ಬಗ್ಗದಿದ್ದುದಕ್ಕೆ ಅದರ ಸಿಪ್ಪೆಯಲ್ಲಿರುವ, ಆಕ್ಸಿಡೀಕರಣ ತಡೆಯುವ ಗ್ಯಾಲಿಕ್ ಆಮ್ಲ ಕಾರಣವೆಂದು ಕಂಡುಬಂದದ್ದೂ ಇದಕ್ಕೆ ಒತ್ತು ಕೊಟ್ಟಿತು. ಕೊಲ್ಲದೆ ತಡೆಯುವುದರಿಂದ ಬೂಷ್ಟು ಮದ್ದಿಗೆ ಒಗ್ಗಿಕೊಂಡು ನಿರೋಧ ಬೆಳೆಸಿಕೊಳ್ಳುವ ಸಾಧ್ಯತೆ ಕಡಿಮೆ ಎಂಬುದು ಇವರ ಇನ್ನೊಂದು ಆಸೆ.

ನಾನು ಈ ವಾದವನ್ನು ಮೆಚ್ಚುತ್ತಲೇ ಹೆದರುವುದು ಒಂದು ಕಾರಣಕ್ಕೆ. ಒತ್ತಡವೇ ವಿಷಕ್ಕೆ ಮೂಲವಾದರೆ, ಅರೆಬರೆ ಹಾಕಿದ ಮದ್ದೂ ಒಂದು ಒತ್ತಡವೇ. ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಕೆಲವು ಸಸ್ಯಸಾರಗಳೂ ಕೆಲವು ರಾಸಾಯನಿಕ ಶಿಲೀಂಧ್ರನಾಶಕಗಳೂ ವಿಷವನ್ನು ಹೆಚ್ಚಿಸಿದ ವರದಿಗಳಿವೆ. ಗೋದಾಮಿನಲ್ಲಿ ಮದ್ದು ಸಮನಾಗಿ ಹರಡುವುದು ಕನಸಿನ ಮಾತು. ಚೀಲದ ಬಾಯಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ, ತಳದಲ್ಲಿ ಇಲ್ಲವೇ ಇಲ್ಲ. ಇನ್ನು ಫ್ಲೇವಸ್ ಮೇಲೆ ನಡೆದ ಪ್ರಯೋಗಗಳಷ್ಟು ಫ್ಯುಸೇರಿಯಂ ಮೇಲೆ ನಡೆದಿಲ್ಲ. 1995ರಲ್ಲಿ ನಮ್ಮ ಸೀಮೆಯ ಹೊಟ್ಟೆ ಕೆಡಿಸಿದ್ದು ಫ್ಯುಸೇರಿಯಂ. ಅದು ಹೊಲದಿಂದಲೇ ಕಾಳಿನೊಳಗೆ ಕೂತು ಬರುತ್ತದೆ, ಚೀಲಕ್ಕೆ ಹಾಕುವ ಮದ್ದಿಗೆ ಕಾಯುವುದಿಲ್ಲ.

ಹುಟ್ಟಿದ ವಿಷವನ್ನು ಮುರಿಯುವ ದಾರಿ

ಅಜವಾನದ ನೀರಿನ ಸಾರ ಅಫ್ಲಾಟಾಕ್ಸಿನ್‌ನ ಸುಮಾರು ಶೇಕಡ 80ನ್ನು ಇಲ್ಲವಾಗಿಸುತ್ತದೆಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತಂಡ 2005ರಲ್ಲಿ ಬರೆಯಿತು. 2010ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವೇಳಳಗನ್ ಮತ್ತು ಸಂಗಡಿಗರು ಅದನ್ನೇ ಮುಂದುವರಿಸಿದರು. ಆಮೇಲೆ ಆಡುಸೋಗೆಯ ಎಲೆಯ ಸಾರದಿಂದ ಇನ್ನೂ ಒಳ್ಳೆಯ ಫಲಿತಾಂಶ ಬಂತು. ಹೊಟ್ಟೆನೋವಿಗೆ ಅಜವಾನ ಅಗಿಯುವ ನಮಗೆ ಇದು ಕೇಳಲು ಹಿತವಾದ ಸುದ್ದಿ.

ಆದರೆ ಸಾರ ನೀರಿನಲ್ಲಿದೆ. ಕಷ್ಟಪಟ್ಟು ಒಣಗಿಸಿದ ಕಾಳನ್ನು ವಿಷ ಕಳೆಯಲೆಂದು ನೆನೆಸಿ ಮತ್ತೆ ಒಣಗಿಸುವುದು ಯಾವ ಕಣದಲ್ಲಿ ಸಾಧ್ಯ? ಹೇಗೂ ನೀರಿಗೆ ಬೀಳುವ ಹಂತದಲ್ಲಿ ಮಾತ್ರ ಈ ದಾರಿಗೆ ಅರ್ಥವಿದೆ. ಮೆಕ್ಸಿಕೋದವರು ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ತೊಳೆದು ರುಬ್ಬುವಾಗ ವಿಷದ ಗಣನೀಯ ಪಾಲು ಇಳಿಯುತ್ತದೆ, ಅದೂ ಯಾವ ಗಿಡವೂ ಇಲ್ಲದೆ. ಅಲ್ಲಿಯೂ ಒಂದು ಕೊಕ್ಕೆ ಇದೆ: ಕ್ಷಾರದಲ್ಲಿ ತೆರೆದುಕೊಂಡ ಅಫ್ಲಾಟಾಕ್ಸಿನ್‌ನ ಉಂಗುರ ಹೊಟ್ಟೆಯ ಆಮ್ಲದಲ್ಲಿ ಮತ್ತೆ ಮುಚ್ಚಿಕೊಳ್ಳಬಹುದು. ಯಂತ್ರದಲ್ಲಿ ವಿಷ ಕಾಣಲಿಲ್ಲ ಎಂದಮಾತ್ರಕ್ಕೆ ಅದು ಹೋಯಿತೆಂದಲ್ಲ. ವೇಷ ಮರೆಸಿಕೊಂಡಿರಬಹುದು, ಕಾಳಿನ ಬೇರೆ ಅಂಶಕ್ಕೆ ಅಂಟಿಕೊಂಡಿರಬಹುದು. ಕೋಳಿಮೇವಿನವರು ಈ ರಗಳೆಗೇ ಹೋಗದೆ ಬೆಂಟೊನೈಟ್ ಜೇಡಿ, ಯೀಸ್ಟಿನ ಕೋಶಭಿತ್ತಿ ಬೆರೆಸಿ ವಿಷವನ್ನು ಕರುಳಿನಲ್ಲೇ ಹಿಡಿದು ಹೊರಗೆ ಸಾಗಿಸುತ್ತಾರೆ. ಜೇಡಿಯೂ ನೈಸರ್ಗಿಕವೇ ಆದರೂ ಇದು ಮೇವಿನ ಪರಿಹಾರ, ಊಟದ್ದಲ್ಲ.

ಕಾಳಿನೊಳಗಿನ ಮದ್ದು

ಹೊರಗಿನಿಂದ ಹಾಕುವ ಬದಲು ಬೆಳೆಯೇ ತನ್ನ ಮದ್ದನ್ನು ಮಾಡಿಕೊಂಡರೆ? ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಜಂಬುನಾಥನ್, ಬಂದ್ಯೋಪಾಧ್ಯಾಯ ಮೊದಲಾದವರು 1990ರ ಹೊತ್ತಿಗೆ ತೋರಿಸಿದಂತೆ, ಬೂಷ್ಟನ್ನು ತಡೆಯುವ ಬಣ್ಣದ ಜೋಳದ ತಳಿಗಳ ಕಾಳಿನಲ್ಲಿ ಫ್ಲಾವನ್–4–ಆಲ್ ಎಂಬ ವಸ್ತುಗಳು ಹೆಚ್ಚಿರುತ್ತವೆ. ಕಾಳಿನ ಸಿಪ್ಪೆಯಡಿ ಟ್ಯಾನಿನ್ ಪದರವಿರುವ ಕೆಂಪು ಜೋಳಗಳೂ ಗಟ್ಟಿ. ಎಣ್ಣೆ ಹಾರಿಹೋಗುವ, ಹರಡದಿರುವ, ಘಾಟು ವಾಸನೆಯ ಸಮಸ್ಯೆಗಳೊಂದೂ ಇಲ್ಲ. ಮದ್ದು ಹೂವಿನ ಹಂತದಿಂದಲೇ ಕಾಳಿನ ಮೈಯಲ್ಲಿದೆ. ಈ ಐದು ದಶಕಗಳಲ್ಲಿ ಹೊಲಕ್ಕೆ ತೀರ ಹತ್ತಿರ ಬಂದದ್ದು ಇದೊಂದೇ ಎಂದು ನನ್ನ ಅಭಿಪ್ರಾಯ.

ಸಮಸ್ಯೆ ತಟ್ಟೆಯಲ್ಲಿದೆ. ಇಲ್ಲಿಯ ಜನಕ್ಕೆ ಬೇಕಾದದ್ದು ಮುತ್ತಿನಂಥ ಬಿಳಿ ಕಾಳು, ಹಾಲಿನಂಥ ಹಿಟ್ಟು, ತಟ್ಟಿದರೆ ಸೀಳದ ರೊಟ್ಟಿ. ಟ್ಯಾನಿನ್ ಇರುವ ಜೋಳ ಒಗರು; ಪೇಟೆಯಲ್ಲಿ ಅದು ದನಕ್ಕೋ ಸಾರಾಯಿಗೋ ಹೋಗುವ ಮಾಲು. ಬಿಳಿ ಕಾಳಿನ ತಳಿಗಳಲ್ಲಿ ನಿರೋಧ ಬರುವುದು ಬಹುಪಾಲು ಕಾಳಿನ ಗಡಸುತನದಿಂದ, ರಾಸಾಯನಿಕದಿಂದಲ್ಲ. ಬಿಳುಪನ್ನೂ ಮದ್ದನ್ನೂ ಒಂದೇ ತೆನೆಯಲ್ಲಿ ಕೂಡಿಸುವುದು ತಳಿವಿಜ್ಞಾನಿಗಳಿಗೆ ಇನ್ನೂ ದಕ್ಕದ ಕೆಲಸ.

ಒಣಗಿಸಿ ಸಾಕು ಎನ್ನುವವರು

ಕೊನೆಯ ಪಂಥದವರು ಹೆಚ್ಚು ಬರೆಯುವುದಿಲ್ಲ. ಕಾಳಿನ ತೇವ ಶೇಕಡ 12–13ಕ್ಕೆ ಇಳಿದರೆ ಬೂಷ್ಟು ಬೆಳೆಯುವುದೇ ಇಲ್ಲ, ಇನ್ನು ಲವಂಗವೇಕೆ, ಬೇವೇಕೆ ಎನ್ನುತ್ತಾರೆ. ಮೊರದಲ್ಲಿ ಕೇರಿ, ಕಪ್ಪುಕಾಳು, ಪುಡಿಕಾಳು ತೆಗೆದುಹಾಕಿದರೆ ಉಳಿದದ್ದರಲ್ಲಿ ವಿಷ ಬಹಳ ಇಳಿಯುತ್ತದೆ, ಯಾಕೆಂದರೆ ವಿಷ ಎಲ್ಲ ಕಾಳಿನಲ್ಲೂ ಸಮನಾಗಿರದೆ ಕೆಲವೇ ಕೆಟ್ಟ ಕಾಳುಗಳಲ್ಲಿ ತುಂಬಿರುತ್ತದೆ. ಈ ಮಾತುಗಳಲ್ಲಿ ತಪ್ಪು ಹುಡುಕುವುದು ಕಷ್ಟ.

ಹಳೆಯ ಪದ್ಧತಿಯ ವಕೀಲರು ಇಲ್ಲಿ ಹಗೇವನ್ನು ನೆನಪಿಸುತ್ತಾರೆ. ನೆಲದಡಿಯ ಹಗೇವಿನಲ್ಲಿ ಗಾಳಿಯಾಡದೆ ಹುಳ ಸಾಯುತ್ತಿತ್ತು, ನಿಜ; ನೀರು ಜಿನುಗಿದ ವರ್ಷ ಅಂಚಿನ ಜೋಳವೆಲ್ಲ ಮುಗ್ಗಿ ಕರಿಯಾಗುತ್ತಿದ್ದುದೂ ನಿಜ. ಕಾಳಿನ ನಡುವೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಬೂದಿ ಹಾಕುತ್ತಿದ್ದುದು ಹುಳದ ಕಾಟಕ್ಕೆ, ಬೂಷ್ಟಿನ ವಿಷಕ್ಕಲ್ಲ. ಪೂರ್ವಿಕರಿಗೆ ಅಫ್ಲಾಟಾಕ್ಸಿನ್ ಗೊತ್ತಿತ್ತು ಎನ್ನುವ ವಾಟ್ಸ್ಆಪ್ ಪಾಂಡಿತ್ಯವನ್ನು ಬಿಟ್ಟುಬಿಡೋಣ. ಆದರೂ ಹುಳ ಕೊರೆದ ಕಾಳಿಗೆ ಬೂಷ್ಟು ಸಲೀಸಾಗಿ ಹೊಗುತ್ತದೆ, ಹುಳದ ಉಸಿರಿನಿಂದಲೇ ಚೀಲದೊಳಗೆ ಬಿಸಿಯೂ ತೇವವೂ ಏರುತ್ತವೆ. ಆ ಲೆಕ್ಕದಲ್ಲಿ ಬೇವು ಸುತ್ತುಬಳಸಿ ಬೂಷ್ಟಿನ ಕೆಲಸಕ್ಕೂ ಬರುತ್ತದೆ. ಬೇವಿನ ಉಪಯೋಗಕ್ಕೆ ಇದು ಪ್ರಯೋಗಾಲಯದ ಶೇಕಡವಾರುಗಳಿಗಿಂತ ಗಟ್ಟಿಯಾದ ಸಮರ್ಥನೆ.

ಒಣಗಿಸಿ ಎನ್ನುವವರಿಗೆ ನನ್ನ ಆಕ್ಷೇಪಣೆ ಒಂದೇ. ಅಕ್ಟೋಬರಿನಲ್ಲಿ ವಾಯುಭಾರ ಕುಸಿದು ವಾರವಿಡೀ ಜಿಟಿಜಿಟಿ ಹಿಡಿದಾಗ ಒಣಗಿಸುವುದು ಎಲ್ಲಿ? ಬಿಸಿಗಾಳಿಯ ಯಂತ್ರ ಗಿರಣಿಯವರಿಗೆ ಎಟುಕೀತು, ನಾಲ್ಕು ಎಕರೆಯವನಿಗೆ ಎಟುಕದು. ರಾಶಿ ಹಸಿಯಾಗಿಯೇ ಉಳಿಯುವ ಆ ಐದಾರು ದಿನಕ್ಕೆ ಒಂದು ತಡೆ ಬೇಕು. ಮೇವಿನ ಕಂಪನಿಗಳು ಆ ಕೆಲಸಕ್ಕೆ ಪ್ರೊಪಿಯಾನಿಕ್ ಆಮ್ಲ ಬಳಸುತ್ತವೆ. ಸಸ್ಯಸಾರಗಳಿಗೆ ನ್ಯಾಯವಾಗಿ ಸಲ್ಲುವ ಜಾಗ ನನಗೆ ಕಾಣುವುದು ಇಲ್ಲಿ: ವರ್ಷವಿಡೀ ಕಾಪಾಡುವ ಹೊಣೆ ಬೇಡ, ಬಿಸಿಲು ಬರುವವರೆಗೆ ತಡೆದರೆ ಸಾಕು.

ಇತ್ಯರ್ಥವಾಗದ್ದು

ಆ ಐದಾರು ದಿನದ ಪ್ರಯೋಗ ನಿಜವಾದ ಕಣದಲ್ಲಿ, ಶೇಕಡ 20 ತೇವದ ರಾಶಿಯ ಮೇಲೆ, ಎಷ್ಟು ಎಣ್ಣೆಗೆ ಎಷ್ಟು ವಿಷ ಉಳಿಯಿತು ಎಂಬ ಲೆಕ್ಕದೊಂದಿಗೆ ನಡೆಯಬೇಕಿದೆ. ಹಗರಿಯಲ್ಲಿ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರಗಳಿವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಗುಣಮಟ್ಟ ಅಳೆಯುವ ಪ್ರಯೋಗಾಲಯವಿದೆ. ಜಾಗಕ್ಕೂ ಯಂತ್ರಕ್ಕೂ ಕೊರತೆಯಿಲ್ಲ.

ಅರೆಪ್ರಮಾಣದ ಮದ್ದು ವಿಷ ಹೆಚ್ಚಿಸುವುದು ಯಾವ ಯಾವ ಸಸ್ಯಸಾರದಲ್ಲಿ, ಎಷ್ಟಕ್ಕಿಂತ ಕೆಳಗೆ ಎಂಬುದು ಸಾರಸಾರಕ್ಕೂ ಬೇರೆ ಉತ್ತರ ಬೇಡುವ ಪ್ರಶ್ನೆ. ಅಜವಾನ, ಆಡುಸೋಗೆಗಳು ಮುರಿದ ಅಫ್ಲಾಟಾಕ್ಸಿನ್‌ನ ಚೂರುಗಳು ವರ್ಷಗಟ್ಟಲೆ ಉಂಡರೆ ನಿರಪಾಯವೇ ಎಂಬುದಕ್ಕೆ ಪ್ರಯೋಗಾಲಯದ ಮೊದಲ ಸೂಚನೆಗಳಷ್ಟೇ ಇವೆ. ಒಂದೇ ಕಾಳಿನಲ್ಲಿ ಅಫ್ಲಾಟಾಕ್ಸಿನ್, ಫ್ಯುಮೊನಿಸಿನ್ ಎರಡೂ ಇದ್ದಾಗ ಒಂದನ್ನು ತಡೆದ ಮದ್ದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೋ ಎಂಬುದೂ ತೂಗುಯ್ಯಾಲೆಯಲ್ಲಿದೆ. ಕಾನೂನೂ ಅಡ್ಡ ಬರುತ್ತದೆ: ಅಡುಗೆಮನೆಯಲ್ಲಿ ಲವಂಗ ಮಸಾಲೆ, ಚೀಲಕ್ಕೆ ಬೂಷ್ಟು ತಡೆಯಲೆಂದು ಸಿಂಪಡಿಸಿದರೆ ಅದು 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಯ ಪ್ರಶ್ನೆಯಾಗುತ್ತದೆ. ಅಮೆರಿಕದಲ್ಲಿ ಲವಂಗ, ದಾಲ್ಚಿನ್ನಿ ಎಣ್ಣೆಗಳಿಗೆ ಕಡಿಮೆ ಅಪಾಯದ ಪಟ್ಟಿಯ ವಿನಾಯಿತಿ ಇದೆ. ಇಲ್ಲಿ ಅಂಥದ್ದು ಬೇಕೇ, ಬಂದರೆ ಕಲಬೆರಕೆಯವರಿಗೆ ಬಾಗಿಲು ತೆರೆದಂತಾಗದೇ ಎಂಬುದರಲ್ಲಿ ಒಮ್ಮತವಿಲ್ಲ.

ಇವೆಲ್ಲಕ್ಕಿಂತ ಬಿಗಿಯಾದ ಗಂಟು ರೇಟಿನದು. ವಿಷ ಅಳೆದು ಪಾಸಾದ ಕ್ವಿಂಟಲ್‌ಗೂ ಅಳೆಯದ ಕ್ವಿಂಟಲ್‌ಗೂ ಅಂಗಳದಲ್ಲಿ ಬೆಲೆ ಒಂದೇ ಆಗಿರುವವರೆಗೆ ಮದ್ದಿನ ಖರ್ಚನ್ನು ಬೆಳೆದವರು ಹೊರಬೇಕೋ, ಗಿರಣಿಯವರೋ, ಸರ್ಕಾರವೋ ಎಂದು ಯಾವ ಪಂಥವೂ ಹೇಳಿಲ್ಲ.